ಬಿಯರ್ ಉತ್ಸವ, ಬ್ರೂವರಿ ಭೇಟಿ: ನಾಲಿಗೆ ಪಳಗಬೇಕು ಅಂದ್ರೆ ಹೇಗೆ ಹೋಗಬೇಕು?

ಕಹಿಗುಟುಕು

ಕ್ರಾಫ್ಟ್ ಬಿಯರ್ ಬಗ್ಗೆ ಓದಿ ತಿಳಿಯೋದನ್ನೆಲ್ಲ ಓದಿ ಆಗಿದೆ. ಬಿಯರ್ ಶೈಲಿಗಳಲ್ಲಿ ಪಿಲ್ಸ್ನರ್‌ಗೂ ಹೆಲ್ಲೆಸ್‌ಗೂ ಏನು ವ್ಯತ್ಯಾಸ, ಸೇಸಾಂ ಅಂದ್ರೆ ಯಾವುದು ಅಂತ ಕೇಳಿದ್ರೆ ಬಾಯಿಪಾಠ ಒಪ್ಪಿಸಬಹುದು. ಆದ್ರೆ ಗ್ಲಾಸ್ ಮುಂದಿಟ್ಟರೆ "ಚೆನ್ನಾಗಿದೆ", "ಕಹಿ ಜಾಸ್ತಿ" ಇವೆರಡರ ಆಚೆ ಮಾತೇ ಹೊರಡಲ್ಲ. ಉತ್ಸವಕ್ಕೆ ಹೋಗಿ, ಬ್ರೂವರಿ ನೋಡಿ ಅಂತ ಎಲ್ಲರೂ ಹೇಳ್ತಾರೆ. ಹೋದಮೇಲೆ ಏನು ಮಾಡಬೇಕು ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ನನ್ನ ಪ್ರಶ್ನೆ ಮೂರು.

ನಾಲ್ಕು ಗಂಟೆಯ ಉತ್ಸವದಲ್ಲಿ ನೂರಾರು ಬಿಯರ್ ಇದ್ರೆ ಎಷ್ಟು ರುಚಿ ನೋಡೋದು, ಯಾವ ಕ್ರಮದಲ್ಲಿ? ತಿಳಿ ಬಣ್ಣದ್ದು ಮೊದಲು, ಕಡು ಬಣ್ಣದ್ದು ಆಮೇಲೆ ಅನ್ನೋ ನಿಯಮ ಸಾಕಾ?

ಬ್ರೂವರಿ ಟೂರ್‌ನಲ್ಲಿ ಸ್ಟೀಲ್ ಟ್ಯಾಂಕ್ ತೋರಿಸಿ, "ನೀರು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಕಹಿ, ಪರಿಮಳ ಕೊಡೋ ಹೂವು), ಯೀಸ್ಟ್" ಅಂತ ಹೇಳಿ ಕಳಿಸಿಬಿಡ್ತಾರೆ. ಅದಕ್ಕಿಂತ ಹೆಚ್ಚು ತಿಳೀಬೇಕು ಅಂದ್ರೆ ಏನು ನೋಡಬೇಕು, ಏನು ಕೇಳಬೇಕು?

ಬಿಯರ್ ರುಚಿ ಕೆಟ್ಟಿದ್ರೆ ತಪ್ಪು ಬ್ರೂವರ್‌ದಾ, ಸುರಿದುಕೊಡೋ ಟ್ಯಾಪ್‌ದಾ? ಗುರುತಿಸೋದು ಹೇಗೆ?

ನೊರೆಗೆರೆ

ಮೊದಲ ಪ್ರಶ್ನೆಗೆ ಉತ್ತರ ಕೊಡ್ತೀನಿ. ಉಳಿದಿದ್ದಕ್ಕೆ ಬ್ರೂವರಿ ಒಳಗಿನವರು ಇಲ್ಲಿ ಇದ್ದಾರೆ.

ಎಷ್ಟು ಬಿಯರ್ ಅನ್ನೋದನ್ನ ಆಸೆ ನಿರ್ಧರಿಸಬಾರದು, ಲೆಕ್ಕ ನಿರ್ಧರಿಸಬೇಕು. ಎಷ್ಟು ಮಿಲಿಲೀಟರ್ ಅನ್ನೋದನ್ನ ಆಲ್ಕೋಹಾಲ್‌ನ ಶೇಕಡಾವಾರಿನಿಂದ ಗುಣಿಸಿ, ನೂರರಿಂದ ಭಾಗಿಸಿ, ಮತ್ತೆ 0.789ರಿಂದ ಗುಣಿಸಿ. ಗ್ರಾಂ ಲೆಕ್ಕದಲ್ಲಿ ಶುದ್ಧ ಆಲ್ಕೋಹಾಲ್ ಸಿಗುತ್ತೆ. ಶೇ. 5ರ ಬಿಯರ್ 100 ಮಿಲಿ ಕುಡಿದ್ರೆ 3.9 ಗ್ರಾಂ. ಶೇ. 10ರ ಇಂಪೀರಿಯಲ್ ಸ್ಟೌಟ್ (ಗಟ್ಟಿ ಕಪ್ಪು ಬಿಯರ್) ಆದ್ರೆ ಅಷ್ಟೇ ಅಳತೆಗೆ 7.9 ಗ್ರಾಂ. ದೇಹ ಒಂದು ಗಂಟೆಗೆ ಕರಗಿಸೋದು ಅಂದಾಜು 7ರಿಂದ 10 ಗ್ರಾಂ ಅಷ್ಟೇ. ಶೇ. 6ರ ಹತ್ತು ಬಿಯರ್ ತಲಾ 100 ಮಿಲಿ ಅಂದ್ರೆ 47 ಗ್ರಾಂ, ತಲಾ 50 ಮಿಲಿ ಅಂದ್ರೆ 24 ಗ್ರಾಂ. ಎರಡನೆಯದು ನಾಲ್ಕು ಗಂಟೆಯೊಳಗೆ ಹಿಡಿಯುತ್ತೆ, ಮೊದಲನೆಯದು ಹಿಡಿಯೋದು ಕಷ್ಟ. ತಲೆ ತಿರುಗೋದಕ್ಕೆ ಬಹಳ ಮುಂಚೆ ಮೂಗು ಮಂಕಾಗುತ್ತೆ, ಅದು ನಮಗೆ ಗೊತ್ತೂ ಆಗಲ್ಲ. ಹಾಗಾಗಿ 50 ಮಿಲಿಯ ಹತ್ತು ಹನ್ನೆರಡು ಬಿಯರ್, ಅಲ್ಲಿಗೆ ನಿಲ್ಲಿಸಿ. ಮನೆಗೆ ಹೋಗೋಕೆ ಗಾಡಿ ಓಡಿಸೋರು ಬೇರೆಯವರು ಅಂತ ಹೊರಡೋ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಉತ್ಸವ ಯಾವ ಬಗೆಯದು ಅಂತಲೂ ನೋಡಬೇಕು. 1982ರಲ್ಲಿ ಬೋಲ್ಡರ್‌ನಲ್ಲಿ ಶುರುವಾಗಿ ಆಮೇಲೆ ಡೆನ್ವರ್‌ಗೆ ಹೋದ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನಲ್ಲಿ ಒಂದು ಸಲಕ್ಕೆ ಸುರಿಯೋದು ಒಂದು ಔನ್ಸ್, ಅಂದ್ರೆ ಸುಮಾರು 30 ಮಿಲಿ. ಕಡಿಮೆ ಅನ್ನಿಸಬಹುದು. ಎರಡು ಸಲ ಮೂಸಿ ಎರಡು ಗುಟುಕು ಕುಡಿಯೋಕೆ ಅಷ್ಟು ಸಾಕು. ಬ್ರಿಟನ್‌ನ ಬಿಯರ್ ಪ್ರಿಯರ ಕಾಮ್ರಾ ಸಂಘದ ಉತ್ಸವಗಳಲ್ಲಿ ಅಳತೆಗೆ ದುಡ್ಡು ಕೊಟ್ಟು ಕೊಳ್ಳಬೇಕು, ಮಾಮೂಲಿ ಚಿಕ್ಕ ಅಳತೆ ಪೈಂಟ್‌ನ ಮೂರನೇ ಒಂದು ಭಾಗ, 189 ಮಿಲಿ. ಶೇ. 4.5ರ ಏಲ್ (ಬೆಚ್ಚಗೆ ಹುದುಗೋ ಬಿಯರ್) ಆದ್ರೂ ಅದು 6.7 ಗ್ರಾಂ, ಆದ್ದರಿಂದ ಅಲ್ಲಿ ಐದೋ ಆರೋ ಸಾಕು. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ರುಚಿ ನೋಡೋ ಉತ್ಸವವೇ ಅಲ್ಲ. ಅಲ್ಲಿ ಸಿಗೋದು ಆ ಊರಿನ ಆರು ಬ್ರೂವರಿಗಳ ಬಿಯರ್ ಮಾತ್ರ, ಕೊಡೋದು ಒಂದು ಲೀಟರ್ ಮಗ್. ಶೇ. 6ರ ಒಂದು ಮಗ್ ಅಂದ್ರೆ ಮೇಲೆ ಹೇಳಿದ 47 ಗ್ರಾಂ.

ಈಗ ಕ್ರಮ. ಬಣ್ಣ ನೋಡಿ ಹೋದ್ರೆ ಮೋಸ ಹೋಗ್ತೀರಿ. ಶ್ವಾರ್ಟ್ಸ್‌ಬಿಯರ್ ಕಪ್ಪಗಿರುತ್ತೆ, ಕುಡಿದ್ರೆ ಹಗುರ. ಬೆಲ್ಜಿಯನ್ ಟ್ರಿಪೆಲ್ ಬಂಗಾರದ ಬಣ್ಣ, ಶೇ. 8–9 ಆಲ್ಕೋಹಾಲ್. ನೋಡಬೇಕಾದ್ದು ಯಾವುದು ಬಾಯಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ ಅನ್ನೋದನ್ನ. ಕಹಿ, ಹುರಿದ ಮಾಲ್ಟ್, ಹೊಗೆ, ಹುಳಿ, ಆಲ್ಕೋಹಾಲ್‌ನ ಬಿಸಿ, ಈ ಐದೂ ಉಳಿಯೋವು. ಪಿಲ್ಸ್ನರ್, ಹೆಲ್ಲೆಸ್, ಕೋಲ್ಷ್ ಮೊದಲು. ಆಮೇಲೆ ಗೋಧಿ ಬಿಯರ್, ಸೇಸಾಂ. ಆಮೇಲೆ ಬ್ರೌನ್ ಏಲ್, ಶ್ವಾರ್ಟ್ಸ್‌ಬಿಯರ್. ಪೇಲ್ ಏಲ್, ಹಾಪ್ಸ್ ಜೋರಾಗಿರೋ ಐಪಿಎ ಅದಾದ ಮೇಲೆ. ಇಂಪೀರಿಯಲ್ ಸ್ಟೌಟ್, ಪೀಪಾಯಿಯಲ್ಲಿ ಇಟ್ಟಿದ್ದು, ಹುಳಿ ಬಿಯರ್, ಹೊಗೆ ಬಿಯರ್ ಕೊನೆಗೆ. ಹುಳಿ ಕುಡಿದ ತಕ್ಷಣ ಮಾಲ್ಟ್ ಜಾಸ್ತಿ ಇರೋ ಬಿಯರ್ ಕುಡಿದ್ರೆ ಪಾಕದ ಹಾಗೆ ಸಿಹಿ ಅನ್ನಿಸುತ್ತೆ. ಅದು ಆ ಬಿಯರ್‌ನ ತಪ್ಪಲ್ಲ.

ಆದ್ರೆ ಹತ್ತು ಶೈಲಿಯ ಹತ್ತು ಬಿಯರ್ ನೋಡೋ ಬದಲು ಮೊದಲ ಎರಡು ಗಂಟೆ ಒಂದೇ ಶೈಲಿಯನ್ನ ಐದು ಬ್ರೂವರಿಗಳಲ್ಲಿ ನೋಡಿ. ಅದರಲ್ಲೂ ಪಿಲ್ಸ್ನರ್ ಆದ್ರೆ ಇನ್ನೂ ಒಳ್ಳೇದು, ತಪ್ಪು ಮುಚ್ಚಿಡೋಕೆ ಅದರಲ್ಲಿ ಜಾಗವೇ ಇಲ್ಲ. ಪಿಲ್ಸ್ನರ್ ಮತ್ತು ಸ್ಟೌಟ್ ಬೇರೆ ಬೇರೆ ಅಂತ ಯಾರು ಬೇಕಾದ್ರೂ ಹೇಳಬಹುದು. ಒಂದು ಪಿಲ್ಸ್ನರ್ ಇನ್ನೊಂದಕ್ಕಿಂತ ಯಾಕೆ ಒಣಗಿದ ಹಾಗಿದೆ, ಕಹಿ ಒಂದರಲ್ಲಿ ಗಂಟಲಿಗೆ ಹತ್ತಿ ಇನ್ನೊಂದರಲ್ಲಿ ಯಾಕೆ ಜಾರಿಹೋಗುತ್ತೆ ಅಂತ ಹೇಳೋಕೆ ಶುರುಮಾಡಿದಾಗ ನಿಮ್ಮ ಬಾಯಿಗೆ ಮಾತು ಬರುತ್ತೆ.

ಒಂದು ಗ್ಲಾಸ್ ಕೈಗೆ ಬಂದಾಗ ಮಾಡೋದು ಇಷ್ಟು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಿಕೊಳ್ಳಬೇಡಿ, ಪರಿಮಳ ನಿಲ್ಲೋಕೆ ಜಾಗ ಬೇಕು. ನೋಡೋ ಮೊದಲೇ ಒಂದು ಸಲ ಮೂಸಿ, ಗಂಧಕದಂಥ ವಾಸನೆಗಳು ಸುರಿದ ಅರ್ಧ ನಿಮಿಷದಲ್ಲೇ ಹಾರಿಹೋಗ್ತವೆ. ಚಿಕ್ಕ ಚಿಕ್ಕದಾಗಿ ಮೂರು ಸಲ ಮೂಸಿ, ದೀರ್ಘವಾಗಿ ಬೇಡ. ಆಮೇಲೆ ಅಂಗೈಯಿಂದ ಮುಚ್ಚಿ ಗ್ಲಾಸ್ ತಿರುಗಿಸಿ ಮತ್ತೆ ಮೂಸಿ. ಒಂದು ಗುಟುಕು ಬಾಯಿಗೆ ಹಾಕಿ ನಾಲಿಗೆ ತುಂಬ ಹರಡಿ ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ನಾವು "ರುಚಿ" ಅನ್ನೋದರಲ್ಲಿ ಬಹುಪಾಲು ಆ ಉಸಿರಿನಲ್ಲೇ ಬರುತ್ತೆ. ಅರ್ಧ ನಿಮಿಷ ಸುಮ್ಮನಿರಿ, ಕಹಿಯ ಬಾಲ ಎಷ್ಟು ಉದ್ದ ಅಂತ ಆಗಲೇ ತಿಳಿಯೋದು.

ಉತ್ಸವದಲ್ಲಿ ಹೆಚ್ಚಿನವು 3–4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರ್ತವೆ. ಪಿಲ್ಸ್ನರ್‌ನಂಥ, ತಣ್ಣಗೆ ಹುದುಗೋ ಲಾಗರ್‌ಗೆ 5–7, ಐಪಿಎಗೆ 8–10, ಸ್ಟೌಟ್ ಮತ್ತು ಗಟ್ಟಿ ಬೆಲ್ಜಿಯನ್ ಬಿಯರ್‌ಗಳಿಗೆ 10–13 ಡಿಗ್ರಿ ಬೇಕು. ಅಂಗೈಯಲ್ಲಿ ಹಿಡಿದು ಐದು ನಿಮಿಷ ಕಾಯಿರಿ, ಮುಚ್ಚಿಕೊಂಡಿದ್ದ ಪರಿಮಳವೆಲ್ಲ ಹೊರಗೆ ಬರುತ್ತೆ.

ಗ್ಲಾಸ್ ತೊಳೆದಾಗ ಕೊಡವಿ. 50 ಮಿಲಿ ಬಿಯರ್‌ಗೆ ತಳದಲ್ಲಿ ಉಳಿದ 5 ಮಿಲಿ ನೀರು ಸೇರಿದ್ರೆ ಹತ್ತನೇ ಒಂದು ಭಾಗದಷ್ಟು ನೀರು ಬೆರೆಸಿದ ಹಾಗೆ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿ ನಿಂತಿದ್ರೆ ಅಲ್ಲಿ ಎಣ್ಣೆಯೋ ಸೋಪೋ ಇದೆ ಅಂತ ಅರ್ಥ. ತುಟಿಗೆ ಹಚ್ಚಿದ ಲಿಪ್ ಬಾಮ್ ಕೂಡ ನೊರೆ ಇಳಿಸುತ್ತೆ. ಸೆಂಟ್ ಹಾಕಿಕೊಂಡು ಹೋಗಬೇಡಿ, ನಿಮಗಷ್ಟೇ ಅಲ್ಲ ಪಕ್ಕದವರಿಗೂ ತೊಂದರೆ. ಮಧ್ಯೆ ನೀರು, ಉಪ್ಪಿಲ್ಲದ ಸಾದಾ ಬ್ರೆಡ್. ಮೂಗು ಜಡ್ಡುಗಟ್ಟಿದಾಗ ನಿಮ್ಮದೇ ಮುಂಗೈ ಮೂಸಿ, ದಿನವೂ ಪರಿಚಯ ಇರೋ ವಾಸನೆ ಮೂಗನ್ನ ತಿರುಗಿ ಸೊನ್ನೆಗೆ ತರುತ್ತೆ.

ಇನ್ನೊಂದು ಮಾತು. ಬ್ರೂವರಿಯವರು ಬರೆದ ವಿವರಣೆ ಓದೋ ಮುಂಚೆ ನಿಮ್ಮ ಮೂರು ಪದ ಬರೆದುಬಿಡಿ. "ಮಾವು, ಕಿತ್ತಳೆ" ಅಂತ ಬೋರ್ಡ್ ಮೇಲೆ ಓದಿದ ಮೇಲೆ ಎಂಥವರಿಗೂ ಮಾವೇ ಸಿಗೋದು.

ಎರಡನೇಗುಟುಕು

ನೊರೆಗೆರೆ ಅವರೆ, ಉಳಿದೆಲ್ಲಕ್ಕೂ ಹೂಂ. ಆದರೆ "ಐದು ಪಿಲ್ಸ್ನರ್" ಸಲಹೆಯಲ್ಲಿ ಒಂದು ಕೊಂಡಿ ಬಿಟ್ಟುಹೋಗಿದೆ. ಒಂದು ಮಳಿಗೆಯಿಂದ ಇನ್ನೊಂದಕ್ಕೆ ನಡೆದು, ಸಾಲಲ್ಲಿ ನಿಂತು, ಮುಂದಿನ ಗ್ಲಾಸ್ ಹಿಡಿಯುವ ಹೊತ್ತಿಗೆ ಹದಿನೈದು ನಿಮಿಷ ಕಳೆದಿರುತ್ತದೆ. ಅಷ್ಟು ಹೊತ್ತು ಒಂದು ಬಿಯರ್‌ನ ರುಚಿಯನ್ನು ನೆನಪಿನಲ್ಲಿ ಹಿಡಿದಿಡುವುದು ಪಳಗಿದವರಿಗೂ ಆಗುವುದಿಲ್ಲ. ಹೋಲಿಕೆ ಎಂದರೆ ಎರಡು ಗ್ಲಾಸ್ ಒಟ್ಟಿಗೆ ಮುಂದಿರಬೇಕು. ಅದಕ್ಕೆ ಇಬ್ಬರು ಹೋಗಿ. ಒಬ್ಬರು ಒಂದು ಮಳಿಗೆ, ಇನ್ನೊಬ್ಬರು ಇನ್ನೊಂದು, ನಡುವೆ ಒಂದು ಮೇಜು. ಒಂದೊಂದು ಗ್ಲಾಸನ್ನೂ ಇಬ್ಬರೂ ಹಂಚಿಕೊಂಡರೆ ಆಲ್ಕೋಹಾಲ್ ಲೆಕ್ಕವೂ ಅರ್ಧಕ್ಕೆ ಇಳಿಯುತ್ತದೆ.

ಇನ್ನೂ ಮುಂದೆ ಹೋಗಬೇಕೆಂದರೆ ಬ್ರೂವರಿಯ ಟ್ಯಾಪ್‌ರೂಮ್‌ನಲ್ಲಿ ತ್ರಿಕೋನ ಪರೀಕ್ಷೆ ಮಾಡಿ. ಒಂದೇ ಬಣ್ಣದ ಎರಡು ಬಿಯರ್ ಆರಿಸಿ. ಜೊತೆಯವರು ನಿಮಗೆ ಕಾಣದಂತೆ ಮೂರು ಗ್ಲಾಸ್ ತುಂಬಬೇಕು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಗ್ಲಾಸುಗಳು ಒಂದೇ ಆಕಾರ, ಅಳತೆ ಒಂದೇ, ತಂಪೂ ಒಂದೇ. ಬೇರೆಯದು ಯಾವುದು ಎಂದು ನೀವು ಹೇಳಬೇಕು. ಕಣ್ಣುಮುಚ್ಚಿ ಬೆರಳು ತೋರಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲ ಗೆದ್ದದ್ದು ಲೆಕ್ಕಕ್ಕಿಲ್ಲ. ಐದು ಸುತ್ತಿನಲ್ಲಿ ನಾಲ್ಕು ಸರಿಯಾದರೆ ನಿಮ್ಮ ನಾಲಿಗೆ ನಿಜವಾಗಿ ಏನನ್ನೋ ಹಿಡಿದಿದೆ. ಒಂದು ಸುತ್ತಿಗೆ ಒಂದು ಗ್ಲಾಸಿನಲ್ಲಿ 20 ಮಿಲಿ ಸಾಕು.

ಟ್ಯಾಂಕ್‌ಬದಿ

ಎರಡನೇ ಪ್ರಶ್ನೆಗೆ.

ಭೇಟಿಯ ದಿನವೇ ಅರ್ಧ ಕೆಲಸ ಮಾಡುತ್ತೆ. ಶನಿವಾರ ಸಂಜೆಯ ಟೂರ್‌ನಲ್ಲಿ ನಿಮಗೆ ಕಾಣೋದು ತೊಳೆದಿಟ್ಟ ಪಾತ್ರೆ. ವಾರದ ಮಧ್ಯೆ, ಬ್ರೂ ಮಾಡೋ ದಿನ, ಬೆಳಿಗ್ಗೆ ಬರಬಹುದಾ ಅಂತ ಮುಂಚಿತವಾಗಿ ಬರೆದು ಕೇಳಿ. ಚಿಕ್ಕ ಬ್ರೂವರಿಗಳು ಎಷ್ಟೋ ಸಲ ಒಪ್ಪುತ್ತವೆ. ಒಂದು ಬ್ರೂಗೆ ಆರರಿಂದ ಎಂಟು ಗಂಟೆ ಹಿಡಿಯುತ್ತೆ. ಅಷ್ಟೂ ಹೊತ್ತು ನಿಲ್ಲಬೇಕಾಗಿಲ್ಲ, ಮ್ಯಾಶ್ (ಮಾಲ್ಟ್ ನೆನೆಸೋದು) ಮುಗಿದು ವರ್ಟ್ (ಅದರ ಸಿಹಿರಸ) ಬಸಿಯೋ ಹೊತ್ತಿಗೆ ಇದ್ರೆ ಸಾಕು.

ಕೇಳಬೇಕಾದ ಮೊದಲ ಅಂಕಿ ಮ್ಯಾಶ್‌ನ ಉಷ್ಣತೆ. ಪುಡಿ ಮಾಡಿದ ಮಾಲ್ಟನ್ನ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿದಾಗ ಅದರೊಳಗಿನ ಎಂಜೈಮ್‌ಗಳು ಪಿಷ್ಟವನ್ನ ಸಕ್ಕರೆ ಮಾಡ್ತವೆ. 63–65 ಡಿಗ್ರಿಯಲ್ಲಿ ಇಟ್ಟರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು, ಬಿಯರ್ ಒಣ, ಹಗುರ. 68–70ಕ್ಕೆ ಏರಿಸಿದ್ರೆ ಯೀಸ್ಟ್‌ಗೆ ದಕ್ಕದ ದೊಡ್ಡ ಸಕ್ಕರೆಗಳು ಉಳಿದು ಬಿಯರ್ ದಪ್ಪ. ನೊರೆಗೆರೆ ಅವರು ಹೇಳಿದ ಪಿಲ್ಸ್ನರ್‌ಗಳಲ್ಲಿ ಒಂದು ಯಾಕೆ ಒಣಗಿದ ಹಾಗಿದೆ ಅನ್ನೋದಕ್ಕೆ ಅರ್ಧ ಉತ್ತರ ಈ ನಾಲ್ಕೈದು ಡಿಗ್ರಿಯಲ್ಲೇ ಇದೆ.

ಆಮೇಲೆ ಕೈ, ಬಾಯಿ ಉಪಯೋಗಿಸಿ. ಪಿಲ್ಸ್ನರ್ ಮಾಲ್ಟ್, ಮ್ಯೂನಿಕ್ ಮಾಲ್ಟ್, ಕ್ರಿಸ್ಟಲ್ ಮಾಲ್ಟ್, ಹುರಿದ ಬಾರ್ಲಿ, ಒಂದೊಂದೂ ನಾಲ್ಕು ಕಾಳು ಕೇಳಿ ಪಡೆದು ಜಗಿಯಿರಿ. ಮೊದಲನೆಯದು ಹಿಟ್ಟು ಹಿಟ್ಟಾಗಿ ಲಘು ಸಿಹಿ, ಎರಡನೆಯದು ಬ್ರೆಡ್ಡಿನ ಹೊರಪದರದ ಹಾಗೆ, ಮೂರನೆಯದು ಗಾಜಿನ ಹಾಗೆ ಪುಡಿಯಾಗಿ ಕ್ಯಾರಮೆಲ್, ನಾಲ್ಕನೆಯದು ಕಾಫಿ ಬೀಜದ ಕಹಿ. ಅದೇ ರುಚಿಯನ್ನ ಆಮೇಲೆ ಗ್ಲಾಸಿನಲ್ಲಿ ಹುಡುಕಿ. ಹಾಪ್ಸ್ ಪೆಲೆಟ್ (ಒತ್ತಿ ಮಾಡಿದ ಗುಳಿಗೆ) ಎರಡು ಮೂರು ಅಂಗೈಗೆ ಹಾಕಿಸಿಕೊಂಡು, ಎರಡೂ ಕೈಯಲ್ಲಿ ಜೋರಾಗಿ ಉಜ್ಜಿ. ಮೊದಲು ಹಸಿರು ಪುಡಿಯಾಗುತ್ತೆ, ಇನ್ನೂ ಉಜ್ಜಿದ್ರೆ ಅಂಗೈ ಬಿಸಿಯಾಗಿ ಹಳದಿ ಮೇಣ ಅಂಟುತ್ತೆ, ಆಗ ಎರಡು ಅಂಗೈಗಳನ್ನ ಬಟ್ಟಲು ಮಾಡಿ ಮೂಗಿಗೆ ಹಿಡಿಯಿರಿ. ನಿಂಬೆಸಿಪ್ಪೆ, ಪೈನ್ ಮರದ ಅಂಟು, ಹೂವು, ಹಣ್ಣು, ತಳಿಗೆ ತಕ್ಕ ಹಾಗೆ ಘಮ್ಮೆನ್ನುತ್ತೆ. ಹಳೇ ಸಾಕ್ಸಿನ, ಕೆಟ್ಟ ಚೀಸಿನ ವಾಸನೆ ಬಂದ್ರೆ ಆ ಹಾಪ್ಸ್ ಹಳತಾಗಿದೆ, ಗಾಳಿ ತಾಕಿದೆ. ಗಾಳಿ ತೆಗೆದ ಪ್ಯಾಕೆಟ್‌ನಲ್ಲಿ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಇಡ್ತಾರಾ ಅಂತ ನೋಡಿ. ಬಿಚ್ಚಿದ ಪ್ಯಾಕೆಟ್ ಶೆಲ್ಫಿನ ಮೇಲೆ ಬಿದ್ದಿದ್ರೆ ಆ ಬ್ರೂವರಿಯ ಐಪಿಎ ಬಗ್ಗೆ ನಿಮಗೆ ಅಲ್ಲೇ ಗೊತ್ತಾಯ್ತು.

ಮುಖ್ಯವಾದ್ದು, ಒಂದೇ ಬಿಯರನ್ನ ಮೂರು ಹಂತದಲ್ಲಿ ರುಚಿ ನೋಡೋಕೆ ಬಿಡ್ತೀರಾ ಅಂತ ಕೇಳಿ: ಕುದಿಸಿ ತಣ್ಣಗಾದ ವರ್ಟ್, ಹುದುಗು ಮುಗಿಸುತ್ತಿರೋ ಹಸಿ ಬಿಯರ್, ತಯಾರಾದ ಬಿಯರ್. ಒಂದೇ ಬ್ಯಾಚ್ ಆಗಬೇಕಿಲ್ಲ, ಒಂದೇ ರೆಸಿಪಿ ಆದ್ರೆ ಸಾಕು. 12 ಡಿಗ್ರಿ ಪ್ಲಾಟೋ ವರ್ಟ್ ಅಂದ್ರೆ ತೂಕದಲ್ಲಿ ಶೇ. 12ರಷ್ಟು ಸಕ್ಕರೆ ಮುಂತಾದ್ದು ಕರಗಿದೆ ಅಂತ. ಬಾಯಿಗೆ ಅಂಟೋ ಸಿಹಿ, ಹಿಂದೆ ಒರಟು ಕಹಿ. ಅದು 2.5–3 ಪ್ಲಾಟೋಗೆ ಇಳಿದಾಗ ಶೇ. 5ರ ಆಸುಪಾಸಿನ ಆಲ್ಕೋಹಾಲ್ ಇರುತ್ತೆ. ಹಸಿ ಬಿಯರ್‌ನಲ್ಲಿ ಹಸಿರು ಸೇಬಿನ ವಾಸನೆ, ಗಂಧಕ, ಯೀಸ್ಟ್ ಎಲ್ಲ ಸಿಗುತ್ತೆ. ಅವು ತಪ್ಪಲ್ಲ, ಯೀಸ್ಟ್ ಇನ್ನೂ ತನ್ನ ಕೆಲಸ ಮುಗಿಸಿಲ್ಲ. ಮೂರನೇ ಗ್ಲಾಸಿನಲ್ಲೂ ಅವೇ ಸಿಕ್ಕಿದ್ರೆ ತಪ್ಪು, ಟ್ಯಾಂಕ್ ಬೇಗ ಖಾಲಿ ಮಾಡೋ ಅವಸರ. ಸಾಮಾನ್ಯ ಏಲ್‌ಗೆ ಎರಡು ಮೂರು ವಾರ, ಲಾಗರ್‌ಗೆ ನಾಲ್ಕರಿಂದ ಎಂಟು ವಾರ ಟ್ಯಾಂಕ್ ಬೇಕು. ಎಷ್ಟು ಟ್ಯಾಂಕ್ ಇದೆ, ವಾರಕ್ಕೆ ಎಷ್ಟು ಬ್ರೂ ಅಂತ ಕೇಳಿ ನೀವೇ ಭಾಗಾಕಾರ ಮಾಡಿದ್ರೆ ಲಾಗರ್‌ಗೆ ಎಷ್ಟು ದಿನ ಸಿಗುತ್ತೆ ಅಂತ ಗೊತ್ತಾಗುತ್ತೆ.

ಟ್ಯಾಂಕಿನ ಬದಿಯ ಚಿಕ್ಕ ನಲ್ಲಿಯಿಂದ ಸ್ಯಾಂಪಲ್ ತೆಗೆಯೋವಾಗ ಬ್ರೂವರ್‌ನ ಕೈ ನೋಡಿ. ನಲ್ಲಿಗೆ ಸ್ಪಿರಿಟ್ ಸಿಂಪಡಿಸಿ, ಮೊದಲ ಸ್ವಲ್ಪ ಚೆಲ್ಲಿ, ಆಮೇಲೆ ಗ್ಲಾಸ್ ಒಡ್ಡಿ, ಮುಗಿದ ಮೇಲೆ ಮತ್ತೆ ಸಿಂಪಡಿಸೋರು ಬೇರೆ ಕಡೆಯೂ ಶುಚಿ ಇಟ್ಟಿರ್ತಾರೆ.

ಉಳಿದ ಪ್ರಶ್ನೆಗಳು: ಯೀಸ್ಟ್ ಎಷ್ಟನೇ ತಲೆಮಾರು? ಒಂದೇ ಯೀಸ್ಟನ್ನ ಐದರಿಂದ ಹತ್ತು ಸಲ ತಿರುಗಿ ಬಳಸೋದು ರೂಢಿ, ಲೆಕ್ಕವೇ ಇಟ್ಟಿಲ್ಲ ಅಂದ್ರೆ ಅದು ಒಳ್ಳೇ ಸೂಚನೆ ಅಲ್ಲ. ಡ್ರೈ ಹಾಪ್, ಅಂದ್ರೆ ಕುದಿಸದೆ ಹುದುಗೋ ಟ್ಯಾಂಕಿಗೇ ಹಾಕೋ ಹಾಪ್ಸ್, ಲೀಟರಿಗೆ ಎಷ್ಟು ಗ್ರಾಂ, ಯಾವ ಉಷ್ಣತೆಯಲ್ಲಿ? ಮಬ್ಬು ಐಪಿಎಗಳಲ್ಲಿ 8ರಿಂದ 16 ಗ್ರಾಂ ಹಾಕ್ತಾರೆ. ಕ್ಯಾನ್‌ನಲ್ಲಿ ಕರಗಿದ ಆಮ್ಲಜನಕ ಅಳೀತೀರಾ? 100 ಕೋಟಿಗೆ 50 ಭಾಗಕ್ಕಿಂತ ಕೆಳಗಿದ್ರೆ ಚೆನ್ನ. ಕೊನೆಗೆ, ವಿಶ್ವಾಸ ಬಂದಿದ್ರೆ, "ಇತ್ತೀಚೆಗೆ ಚೆಲ್ಲಿದ ಬ್ಯಾಚ್ ಯಾವುದು, ಯಾಕೆ?" ಈ ಒಂದು ಪ್ರಶ್ನೆಗೆ ಬರೋ ಉತ್ತರದಲ್ಲಿ ಇಡೀ ಟೂರ್‌ಗಿಂತ ಹೆಚ್ಚು ಕಲೀತೀರಿ.

ಸುರಕ್ಷತೆಯನ್ನ ಹಗುರವಾಗಿ ತಗೋಬೇಡಿ. ಬೆರಳು ಮುಚ್ಚೋ, ಜಾರದ ಶೂ. ನೆಲದ ಮೇಲೆ 80 ಡಿಗ್ರಿ ನೀರೋ ಕಾಸ್ಟಿಕ್ ದ್ರಾವಣವೋ ಹರೀತಾ ಇರಬಹುದು, ಪೈಪ್ ದಾಟೋ ಮುಂಚೆ ಕೇಳಿ. ಹುದುಗೋ ಟ್ಯಾಂಕಿನ (ಫರ್ಮೆಂಟರ್) ಬಾಗಿಲೊಳಗೆ ತಲೆ ಹಾಕಿ ಮೂಸೋಕೆ ಯಾವತ್ತೂ ಹೋಗಬೇಡಿ. 1,000 ಲೀಟರ್ ವರ್ಟ್ ಹುದುಗುವಾಗ ಸುಮಾರು 18 ಘನಮೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ. ಅದಕ್ಕೆ ವಾಸನೆ ಇಲ್ಲ, ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಂತುಬಿಡುತ್ತೆ. ಗಾಳಿಯಲ್ಲಿ ಶೇ. 4 ಆದ್ರೆ ಜೀವಕ್ಕೇ ಅಪಾಯ. ಗ್ಯಾಸ್ ಅಲಾರಂ ಎಲ್ಲಿದೆ ಅಂತ ಕೇಳೋದರಲ್ಲಿ ಸಂಕೋಚ ಬೇಡ.

ಕಹಿಗುಟುಕು

ತುಂಬಾ ಧನ್ಯವಾದ ಎಲ್ಲರಿಗೂ. ಟ್ಯಾಂಕ್‌ಬದಿ ಅವರೆ, ಮೂರನೇ ಪ್ರಶ್ನೆಗೆ ಸೇರಿದ ಹಾಗೆ ಇನ್ನೊಂದು. ಉತ್ಸವಗಳಲ್ಲಿ ಐಪಿಎಗಳಲ್ಲೇ ಬೆಣ್ಣೆ ಅಥವಾ ಬಟರ್‌ಸ್ಕಾಚ್ ವಾಸನೆ ಸಿಗೋದು ಹೆಚ್ಚು. ಅದೇ ಬಿಯರ್ ಬ್ರೂವರಿಯಲ್ಲಿ ಸರಿಯಾಗಿರುತ್ತೆ. ಇದು ಟ್ಯಾಪ್ ಲೈನ್ (ನಲ್ಲಿಗೆ ಬಿಯರ್ ತರೋ ಕೊಳವೆ) ಕೊಳಕಾಗಿರೋದಕ್ಕಾ?

ಟ್ಯಾಂಕ್‌ಬದಿ

ತಪ್ಪು ಬ್ರೂವರಿಯದೂ ಇರಬಹುದು, ಲೈನಿನದೂ ಇರಬಹುದು. ಬೆಣ್ಣೆ ವಾಸನೆಯ ಹೆಸರು ಡೈಅಸಿಟೈಲ್. ಹುದುಗುವಾಗ ಯೀಸ್ಟ್ ಅದರ ಮೂಲವಸ್ತುವನ್ನ ಹೊರಗೆ ಬಿಡುತ್ತೆ, ಅದು ತಾನಾಗಿ ಡೈಅಸಿಟೈಲ್ ಆಗುತ್ತೆ, ಯೀಸ್ಟೇ ತಿರುಗಿ ಅದನ್ನ ತಿಂದು ಮುಗಿಸುತ್ತೆ. ಹಾಗೆ ಮುಗಿಸೋಕೆ ಸಮಯ ಬೇಕು, ಬೆಚ್ಚಗೆ ಬೇಕು. ಅದಕ್ಕೇ 10–12 ಡಿಗ್ರಿಯಲ್ಲಿ ಹುದುಗೋ ಲಾಗರನ್ನ ಕೊನೆಗೆ 15–18ಕ್ಕೆ ಏರಿಸಿ ಎರಡು ಮೂರು ದಿನ ಬಿಡೋದು.

ಐಪಿಎಯಲ್ಲಿ ಹೆಚ್ಚು ಯಾಕೆ ಅಂದ್ರೆ, ಹಾಪ್ಸ್‌ನಲ್ಲೂ ಎಂಜೈಮ್ ಇದೆ. ಹುದುಗು ಮುಗಿದ ಮೇಲೆ ಹಾಪ್ಸ್ ಸುರಿದಾಗ ಆ ಎಂಜೈಮ್ ಉಳಿದಿದ್ದ ದೊಡ್ಡ ಸಕ್ಕರೆಗಳನ್ನ ಒಡೆಯುತ್ತೆ, ಯೀಸ್ಟ್ ಮತ್ತೆ ಎದ್ದು ಕೂರುತ್ತೆ, ಮೂಲವಸ್ತು ಮತ್ತೆ ಹುಟ್ಟುತ್ತೆ. ಬ್ರೂವರಿಗಳಲ್ಲಿ ಇದನ್ನ ಹಾಪ್ ಕ್ರೀಪ್ ಅಂತಾರೆ. ತಣ್ಣಗಿದ್ದಷ್ಟು ದಿನ ಅದು ಅಡಗಿರುತ್ತೆ. ಉತ್ಸವಕ್ಕೆ ಸಾಗಿಸೋವಾಗ ಕೆಗ್ (ಬಿಯರ್ ತುಂಬಿದ ಸ್ಟೀಲ್ ಪೀಪಾಯಿ) ಬೆಚ್ಚಗಾದ್ರೆ ಮುಗಿಯಿತು, ಬೆಣ್ಣೆ. ನೀವು ಹೇಳಿದ್ದಕ್ಕೆ ಇದು ಸರಿಯಾಗಿ ಹೊಂದುತ್ತೆ.

ಬ್ರೂವರಿಗೆ ಹೋದಾಗ ಈ ಪರೀಕ್ಷೆ ತೋರಿಸಿ ಅಂತ ಕೇಳಿ. ಟ್ಯಾಂಕಿನಿಂದ ತಲಾ 100 ಮಿಲಿ ಎರಡು ಮುಚ್ಚಳದ ಬಾಟಲಿಗೆ ತೆಗೀತಾರೆ. ಒಂದನ್ನ 60–65 ಡಿಗ್ರಿ ನೀರಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ ಇಡ್ತಾರೆ, ಇನ್ನೊಂದು ತಣ್ಣಗೇ ಇರುತ್ತೆ. ಆಮೇಲೆ ಎರಡನ್ನೂ ಒಂದೇ ಉಷ್ಣತೆಗೆ ತಂದು ಮುಚ್ಚಳ ತೆಗೆದು ಮೂಸಬೇಕು. ಬಿಸಿ ಮಾಡಿದ್ದು ಮಾತ್ರ ಬೆಣ್ಣೆ ನಾರಿದ್ರೆ ಮೂಲವಸ್ತು ಇನ್ನೂ ಉಳಿದಿದೆ, ಕಾಯಬೇಕು. ಎರಡೂ ನಾರಿದ್ರೆ ಡೈಅಸಿಟೈಲ್ ಈಗಲೇ ಇದೆ. ಎರಡರಲ್ಲೂ ಇಲ್ಲದಿದ್ರೆ ತಣ್ಣಗೆ ಮಾಡಬಹುದು. ಖರ್ಚಿಲ್ಲದ ಪರೀಕ್ಷೆ, ಇದನ್ನ ಬಿಟ್ಟುಬಿಡೋ ಬ್ರೂವರಿಗಳಿವೆ ಅನ್ನೋದೇ ಬೇಸರ.

ನೊರೆಗೆರೆ

ಟ್ಯಾಪ್ ಕಡೆಯದು ನಾನು ಹೇಳ್ತೀನಿ.

ಲೈನ್ ಕೊಳಕಾದಾಗ ಬೆಣ್ಣೆ ಒಂದೇ ಬರಲ್ಲ, ಜೊತೆಗೆ ಹುಳಿ ಬರುತ್ತೆ, ಕೆಲವು ಸಲ ವಿನಿಗರ್. ಬ್ಯಾಕ್ಟೀರಿಯಾ ಕೆಲಸ ಅದು. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ದ್ರಾವಣ ಹರಿಸಿ ತೊಳೆಯದ ಲೈನ್‌ನಲ್ಲಿ ಅವು ಪೊರೆ ಕಟ್ಟಿ ಕೂತಿರ್ತವೆ. ಅದೇ ಟವರ್‌ನ (ನಲ್ಲಿಗಳಿರೋ ಕಂಬ) ಪಕ್ಕದ ಬಿಯರ್‌ಗಳನ್ನೂ ಚೂರು ಕೇಳಿ ನೋಡಿ. ಎರಡು ಮೂರರಲ್ಲಿ ಅದೇ ದೋಷ ಇದ್ರೆ ತಪ್ಪು ಲೈನಿನದು. ಒಂದರಲ್ಲೇ ಇದ್ರೆ ಅದೇ ಬಿಯರ್‌ನ ಕ್ಯಾನ್ ಸಿಗುತ್ತಾ ನೋಡಿ ಹೋಲಿಸಿ. ಬೇಯಿಸಿದ ಮೆಕ್ಕೆಜೋಳದ ವಾಸನೆ, ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಇವೆರಡನ್ನ ಲೈನ್ ಹುಟ್ಟಿಸೋದು ಅಪರೂಪ. ಮೊದಲನೆಯದು ಸಾಕಷ್ಟು ಜೋರಾಗಿ ಕುದಿಸದಿದ್ದಕ್ಕೆ ಅಥವಾ ನಿಧಾನವಾಗಿ ತಣಿಸಿದ್ದಕ್ಕೆ. ಎರಡನೆಯದು ಹೆಚ್ಚಾಗಿ ನೀರಿನ ಕ್ಲೋರಿನ್‌ನಿಂದ. ಒದ್ದೆ ರಟ್ಟಿನ ರುಚಿ ಬಂದ್ರೆ ಆಮ್ಲಜನಕ ಸೇರಿ ಹಳತಾಗಿದೆ. ಮಬ್ಬು ಐಪಿಎ ಹಳತಾದ್ರೆ ನಾಲಿಗೆಗೆ ಮುಂಚೆ ಕಣ್ಣಿಗೇ ಕಾಣುತ್ತೆ, ಹಳದಿ ಹೋಗಿ ಕಂದು ಬೂದು ಬಣ್ಣ.

ಬರೀ ನೊರೆ ಬರ್ತಿದ್ರೆ ಬಿಯರನ್ನ ಬೈಬೇಡಿ. ಉತ್ಸವದಲ್ಲಿ ಐಸ್ ಪೆಟ್ಟಿಗೆಯೊಳಗೆ ಸ್ಟೀಲ್ ಸುರುಳಿ ಇಟ್ಟು ಅದರ ಮೂಲಕ ಬಿಯರ್ ಹಾಯಿಸ್ತಾರೆ. ಸುಮಾರು 15 ಮೀಟರ್ ಸುರುಳಿ ಇದ್ರೆ ಪೆಟ್ಟಿಗೆಗೆ ಐಸ್ ಜೊತೆ ನೀರೂ ಬೇಕು, ಬರೀ ಐಸ್ ಆದ್ರೆ ಗಾಳಿಯ ಸಂದುಗಳಲ್ಲಿ ಸುರುಳಿ ತಣ್ಣಗಾಗಲ್ಲ. ಸುರುಳಿ ಬದಲು ಅಲ್ಯುಮಿನಿಯಂ ಪ್ಲೇಟ್ ಇದ್ರೆ ಉಲ್ಟಾ, ಕರಗಿದ ನೀರು ಬಸಿದುಹೋಗ್ತಾ ಇರಬೇಕು. ಕೆಗ್ ಬಿಸಿಲಲ್ಲಿ ಬೆಚ್ಚಗಾಗಿ, ಒತ್ತಡ ಮಾತ್ರ ತಣ್ಣನೆ ಕೆಗ್‌ಗೆ ಇಡೋ 12 ಪಿಎಸ್‌ಐನಲ್ಲೇ ಇದ್ರೆ ಗ್ಯಾಸ್ ಲೈನಿನಲ್ಲೇ ಬಿಟ್ಟುಹೋಗುತ್ತೆ. ಆ ಉದ್ದದ ಸುರುಳಿಗೆ 25–30 ಬೇಕು. ಲಾರಿಯಿಂದ ಇಳಿಸಿದ ತಕ್ಷಣ ಚುಚ್ಚಿದ ಕೆಗ್ ಕೂಡ ಹೀಗೇ ಮಾಡುತ್ತೆ. ಬಹಳ ಹೊತ್ತು ಯಾರೂ ಕೇಳದ ಟ್ಯಾಪ್‌ನಲ್ಲಿ ಮೊದಲ ಸುರಿತ ಲೈನಿನಲ್ಲಿ ಕೂತಿದ್ದ ಬಿಯರ್, ಅದನ್ನ ಚೆಲ್ಲೋಕೆ ವಿನಯದಿಂದ ಕೇಳಿ.

ಒಂದು ದೋಷವನ್ನ ನೀವೇ ಹುಟ್ಟಿಸಿ ನೋಡಬಹುದು. ಬಯಲಲ್ಲಿ ನಡೆಯೋ ಉತ್ಸವ, ಒಳ್ಳೇ ಬಿಸಿಲು ಇದ್ರೆ, ಕಹಿ ಇರೋ ಪಿಲ್ಸ್ನರನ್ನ ಎರಡು ಪಾರದರ್ಶಕ ಗ್ಲಾಸಿಗೆ ಹಂಚಿ. ಒಂದು ಬಿಸಿಲಿಗೆ, ಒಂದು ಮೇಜಿನ ಕೆಳಗೆ ನೆರಳಿಗೆ. ಹತ್ತು ನಿಮಿಷ. ಎರಡನ್ನೂ ಮೂಸಿ. ಬಿಸಿಲಲ್ಲಿದ್ದದ್ದು ಸುಟ್ಟ ರಬ್ಬರ್‌ಗೆ ಗಂಧಕ ಸೇರಿದ ಹಾಗೆ ನಾರುತ್ತೆ. ಹಾಪ್ಸ್‌ನ ಕಹಿವಸ್ತು ಬೆಳಕಿಗೆ ಒಡೆದು ಗಂಧಕದ ಜೊತೆ ಸೇರಿ ಹುಟ್ಟೋ ಈ ವಾಸನೆ ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ರೂ ಮೂಗಿಗೆ ತಿಳಿಯುತ್ತೆ. ಹಸಿರು ಬಾಟಲಿ, ಬಣ್ಣವಿಲ್ಲದ ಬಾಟಲಿ ಇದನ್ನ ತಡೆಯಲ್ಲ, ಕಂದು ಬಾಟಲಿ ಬಹುಮಟ್ಟಿಗೆ ತಡೆಯುತ್ತೆ, ಕ್ಯಾನ್ ಪೂರ್ತಿ.

ಎರಡನೇಗುಟುಕು

ದೋಷದ ಪಟ್ಟಿ ಹಿಡಿದುಕೊಂಡು ಹೊರಟವರಿಗೆ ಒಂದು ಎಚ್ಚರಿಕೆ: ಒಂದು ಕಡೆಯ ದೋಷ ಇನ್ನೊಂದು ಕಡೆಯ ಲಕ್ಷಣ. ಚೆಕ್ ದೇಶದ ಪಿಲ್ಸೆನ್ ಊರಿನ ಬ್ರೂವರಿಯಲ್ಲಿ ಟೂರ್ ನೆಲಮಾಳಿಗೆಯಲ್ಲಿ ಮುಗಿಯುತ್ತದೆ. ಓಕ್ ಪೀಪಾಯಿಯಿಂದ ಸೋಸದ, ಪಾಶ್ಚರೀಕರಿಸದ ಪಿಲ್ಸ್ನರ್ ಉರ್ಕ್ವೆಲ್ ಕೊಡುತ್ತಾರೆ. 1842ರಲ್ಲಿ ಯೋಸೆಫ್ ಗ್ರೋಲ್ ಮೊದಲು ಮಾಡಿದ ಬಿಯರ್ ಅದು. ಚೆಕ್ ಲಾಗರ್‌ನಲ್ಲಿ ಲವಲೇಶ ಬೆಣ್ಣೆ ಇದ್ದರೆ ಅದು ಶೈಲಿಗೆ ಒಪ್ಪುತ್ತದೆ, ಅದೇ ಜರ್ಮನ್ ಪಿಲ್ಸ್‌ನಲ್ಲಿ ಇದ್ದರೆ ತಪ್ಪು. ಜರ್ಮನಿಯ ಬಾಂಬರ್ಗ್‌ನಲ್ಲಿ ಶ್ಲೆಂಕರ್ಲಾ ಮತ್ತು ಸ್ಪೆಟ್ಸಿಯಾಲ್ ಬ್ರೂವರಿಗಳೆರಡೂ ಇಂದಿಗೂ ಮಾಲ್ಟನ್ನು ತಾವೇ ಬೀಚ್ ಮರದ ಹೊಗೆಯಲ್ಲಿ ಒಣಗಿಸುತ್ತವೆ. ಮೊದಲ ಗ್ಲಾಸಿನಲ್ಲಿ ಹೊಗೆ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ, ಅಲ್ಲಿಗೇ ಎದ್ದುಬಂದರೆ ನಷ್ಟ. ಮೂಗು ಹೊಗೆಗೆ ಹೊಂದಿಕೊಂಡ ಮೇಲೆ ಎರಡನೆಯದರಲ್ಲಿ ಮಾಲ್ಟ್ ಕಾಣಿಸುತ್ತದೆ.

ತಾಜಾತನ ಎಂದರೇನು ಎಂದು ತಿಳಿಯಬೇಕಾದರೆ ಜರ್ಮನಿಯ ಕೊಲೋನ್‌ಗೆ ಹೋಗಿ. ಅಲ್ಲಿ ಕೋಲ್ಷ್ 200 ಮಿಲಿಯ ಸಪೂರ ಗ್ಲಾಸಿನಲ್ಲಿ ಬರುತ್ತದೆ, ಬಿಸಿಯಾಗುವ ಮೊದಲೇ ಮುಗಿಯಲಿ ಎಂದೇ ಆ ಅಳತೆ. ಖಾಲಿಯಾದ ಕೂಡಲೇ ಕೇಳದೆಯೇ ಇನ್ನೊಂದು ತಂದಿಡುತ್ತಾರೆ, ಸಾಕಾದರೆ ಗ್ಲಾಸಿನ ಮೇಲೆ ಕೋಸ್ಟರ್ ಮುಚ್ಚಿಡಬೇಕು. ಲೆಕ್ಕ ತಪ್ಪುವುದು ಅಲ್ಲೇ, ಆದ್ದರಿಂದ ನಾಲ್ಕನೆಯದಕ್ಕೇ ಮುಚ್ಚಿಬಿಡಿ.

ಬ್ರಸೆಲ್ಸ್‌ನ ಕಾಂತಿಯೋಂ 1900ರಲ್ಲಿ ಶುರುವಾದದ್ದು, ಗೈಡ್ ಇಲ್ಲದೆ ನೀವೇ ಓಡಾಡಿ ನೋಡಬಹುದಾದ ಕೆಲವೇ ಬ್ರೂವರಿಗಳಲ್ಲಿ ಒಂದು. ಸೂರಿನ ಕೆಳಗೆ ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿ ಇದೆ. ಕುದಿದ ವರ್ಟ್ ರಾತ್ರಿಯಿಡೀ ಅದರಲ್ಲಿ ತೆರೆದಿದ್ದು ತಣಿಯುತ್ತದೆ, ಗಾಳಿಯ ಯೀಸ್ಟ್ ಅಲ್ಲೇ ಇಳಿಯುತ್ತದೆ. ಇದಕ್ಕೆ ರಾತ್ರಿಯ ಚಳಿ ಬೇಕು, ಹಾಗಾಗಿ ಹೆಚ್ಚುಕಡಿಮೆ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ ಮಾತ್ರ ಬ್ರೂ ಮಾಡುತ್ತಾರೆ. ಬೇಸಿಗೆಯಲ್ಲಿ ಹೋದರೆ ತೊಟ್ಟಿ ಖಾಲಿ, ಪೀಪಾಯಿಗಳನ್ನು ಮಾತ್ರ ನೋಡಬಹುದು. ಹೀಗೆ ಗಾಳಿಯ ಯೀಸ್ಟ್‌ನಿಂದ ಹುದುಗಿದ ಬಿಯರ್ ಲ್ಯಾಂಬಿಕ್. ಬಾಟಲಿಯ ಗ್ಯೂಜ್‌ಗೆ ಮೊದಲು ಪೀಪಾಯಿಯ ಲ್ಯಾಂಬಿಕ್ ಕೇಳಿ. ಅದರಲ್ಲಿ ಗ್ಯಾಸ್ ಇರುವುದಿಲ್ಲ, ನೊರೆಯೂ ಇಲ್ಲ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದಾಗ, ಎಳೆಯದರಲ್ಲಿ ಉಳಿದ ಸಕ್ಕರೆ ಮತ್ತೆ ಹುದುಗಿ ಗ್ಯಾಸ್ ಹುಟ್ಟುತ್ತದೆ, ಅದೇ ಗ್ಯೂಜ್. ಎರಡೂ ಗ್ಲಾಸ್ ಅಕ್ಕಪಕ್ಕ ಇಟ್ಟುಕೊಂಡು ಕುಡಿಯಿರಿ, ಮೊದಲು ಸಪ್ಪಗಿರುವುದು, ಆಮೇಲೆ ನೊರೆಯುವುದು.